ಬೋರಲು ಹಾಸಿದ ನಕ್ಷತ್ರಗಳು

ಅಕ್ಕನಿಗೆ ಅನುಮಾನ ಹುಟ್ಟಲು ಕಾರಣ ಬೇಕಾಗಿರಲಿಲ್ಲ. ಅನುಮಾನ ಮೊದಲು ಹುಟ್ಟುತ್ತಿತ್ತು, ಕಾರಣ ಆಮೇಲೆ ಕೂತು ಹುಡುಕಿದರೆ ಸಿಕ್ಕೇ ಸಿಗುತ್ತಿತ್ತು. ಹಾಲು ತೆಳ್ಳಗಿದ್ದರೆ ಹಾಲಿನವನ ಮೇಲೆ ಅನುಮಾನ. ಗಟ್ಟಿಯಾಗಿದ್ದರೆ ಇನ್ನೂ ಹೆಚ್ಚು, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು. ಐವತ್ತೆಂಟು ವರ್ಷ ಹೀಗೇ ಬದುಕಿ ಒಂದು ಸಲವೂ ಮೋಸ ಹೋಗಿಲ್ಲ ಎಂಬುದು ಅವಳ ಹೆಮ್ಮೆ. ಮೋಸ ಮಾಡಬೇಕೆಂದು ಯಾರಿಗಾದರೂ ಅನ್ನಿಸಿತ್ತೇ ಎಂದು ಎದುರಿಗೆ ನಿಂತು ಕೇಳುವ ಎದೆಗಾರಿಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮನೆಯಲ್ಲಿದ್ದವರೇ ಮೂರು ಜನ. ಅಕ್ಕ, ಅವಳ ತಮ್ಮ, ತಮ್ಮನ ಹೆಂಡತಿ. ಬೀದಿಗೆ ಮುಖ ಮಾಡಿದ ಉದ್ದನೆಯ ಕೋಣೆಯೇ ಕೆಲಸದ ಜಾಗ, ಹಿತ್ತಲಲ್ಲಿ ಭಟ್ಟಿ. ತಮ್ಮನ ಹೆಂಡತಿ ಜೇಡಿಮಣ್ಣಿನ ಬಿಲ್ಲೆಗಳಿಗೆ ಬಣ್ಣದ ಮೆರುಗು ಬಳಿದು ಭಟ್ಟಿಯಲ್ಲಿ ಸುಡುತ್ತಿದ್ದಳು. ತಮ್ಮ ಆ ಬಿಲ್ಲೆಗಳನ್ನು ಹರಿತವಾದ ಸುತ್ತಿಗೆಯಿಂದ ಕುಟ್ಟಿ ಕತ್ತರಿಸಿ ನಕ್ಷತ್ರ, ಬಾಣ, ಗಾಳಿಪಟ, ಆರುಮೂಲೆ ಎಂದು ಚೂರು ಮಾಡುತ್ತಿದ್ದ. ಅಕ್ಕ ಆ ಚೂರುಗಳನ್ನು ನೆಲದ ಮೇಲೆ ಒಂದಕ್ಕೊಂದು ಕೂಡಿಸಿ ಹಾಸುತ್ತಿದ್ದಳು. ಹಾಸಿದ್ದು ಫಲಕವಾಗಿ, ಫಲಕ ಗೋಡೆಗೆ ಹೋಗುತ್ತಿತ್ತು.

ಹಾಸುವುದೇ ಈ ಕಸುಬಿನ ಪ್ರಾಣ, ಯಾಕೆಂದರೆ ಹಾಸುವುದು ಬೋರಲಾಗಿ. ಬಣ್ಣದ ಮುಖ ನೆಲಕ್ಕೆ, ಮಣ್ಣಿನ ಬೆನ್ನು ಮೇಲಕ್ಕೆ. ನೀಲಿಯಾಗಲಿ, ಬಿಳಿಯಾಗಲಿ, ಕಪ್ಪಾಗಲಿ, ಬೆನ್ನು ಮಾತ್ರ ಎಲ್ಲದರದ್ದೂ ಒಂದೇ ಮಣ್ಣಿನ ಬಣ್ಣ. ತಟ್ಟೆಯಿಂದ ಎತ್ತುವಾಗ ಒಮ್ಮೆ ಮುಖ ನೋಡಿದರೆ ಮುಗಿಯಿತು. ಆಮೇಲೆ ಎಲ್ಲದರ ಮೇಲೂ ಗಾರೆ ಸುರಿದು, ಅದು ಗಟ್ಟಿಯಾಗಿ, ಆರು ಜನ ಹಗ್ಗ ಹಾಕಿ ಫಲಕವನ್ನು ಎತ್ತಿ ತಿರುಗಿಸಿದಾಗಲೇ ತಾವು ಮಾಡಿದ್ದೇನು ಎಂದು ಮಾಡಿದವರಿಗೂ ಕಾಣುವುದು. ಅಲ್ಲಿಯವರೆಗೆ ಇಡೀ ಚಿತ್ರ ಇರುವುದು ಹಾಸುವವರ ತಲೆಯೊಳಗೆ. ಅಪ್ಪ ಸಾಯುವ ಮುಂಚೆ ಮಗನನ್ನು ಪಕ್ಕಕ್ಕೆ ಸರಿಸಿ, ತಾನು ಕೂತು ಹಾಸುತ್ತಿದ್ದ ಮಣೆಯನ್ನು ಮಗಳ ಕಡೆಗೆ ತಳ್ಳಿದ್ದ. ಆ ಮಣೆಯ ಮೇಲೆ ಅಕ್ಕ ಮೂವತ್ತು ವರ್ಷದಿಂದ ಕೂತಿದ್ದಳು. ಮದುವೆ, ಮಕ್ಕಳು ಯಾವುದೂ ಅವಳಿಗಿರಲಿಲ್ಲ, ಮಣೆ ಇತ್ತು.

ಅಕ್ಕನ ಅನುಮಾನದ ಮುಕ್ಕಾಲು ಪಾಲು ತಮ್ಮನ ಹೆಂಡತಿಗೇ ಮೀಸಲು. ಅದಕ್ಕೆ ಕಾರಣವೂ ಇತ್ತು. ಬೀದಿಯ ಆಚೆ ಬದಿಯಲ್ಲಿ ಇದೇ ಕಸುಬಿನ ಇನ್ನೊಂದು ಮನೆಯಿತ್ತು, ಎರಡು ತಲೆಮಾರಿನಿಂದ ಇವರಿಗೆ ಎದುರಾಳಿ. ತಮ್ಮ ಹೋಗಿ ಹೋಗಿ ಆ ಮನೆಯ ಮಗಳನ್ನೇ ಮೆಚ್ಚಿ ಮದುವೆಯಾಗಿ ಬಂದಿದ್ದ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅಕ್ಕ ಅವಳನ್ನು ಕರೆಯುತ್ತಿದ್ದದ್ದು 'ಆಚೆಮನೆಯವಳು' ಎಂದೇ. ಅವಳು ತವರಿಗೆ ಹೋದರೆ ಇಲ್ಲಿಯ ಗುಟ್ಟು ಹೊತ್ತುಕೊಂಡು ಹೋದಳು ಎಂದೂ, ಹೋಗದಿದ್ದರೆ ಗುಟ್ಟು ಇನ್ನೂ ಪೂರ್ತಿ ಸಿಕ್ಕಿಲ್ಲ ಎಂದೂ ಅಕ್ಕ ಲೆಕ್ಕ ಹಾಕುತ್ತಿದ್ದಳು.

ಆ ವರ್ಷ ಊರಿನ ಹಳೆಯ ಮಸೀದಿಯನ್ನು ದುರಸ್ತಿ ಮಾಡುವ ಸಮಿತಿ ಎರಡೂ ಮನೆಗಳಿಗೆ ಒಂದೊಂದು ಫಲಕದ ಕೆಲಸ ಕೊಟ್ಟಿತು. ಪ್ರಾರ್ಥನೆಯ ದಿಕ್ಕು ತೋರಿಸುವ ಕಮಾನುಗೂಡಿನ ಎಡಗೋಡೆ ಈ ಮನೆಗೆ, ಬಲಗೋಡೆ ಆಚೆಮನೆಗೆ. ಯಾರದ್ದು ಚೆನ್ನಾಗಿ ಬರುತ್ತದೋ ಅವರಿಗೆ ಇಡೀ ಒಳಾಂಗಣ, ಅಂದರೆ ಐದಾರು ವರ್ಷದ ಕೆಲಸ. ಯಾರದ್ದು ಕೆಡುತ್ತದೋ ಅವರು ಸ್ನಾನದ ಕೋಣೆಗೆ ಟೈಲ್ಸ್ ಅಂಟಿಸುತ್ತಾ ಕಾಲ ಹಾಕಬೇಕು. ಇದನ್ನು ಸಮಿತಿ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದ್ದನ್ನು ಕೇಳಿಸಿಕೊಳ್ಳುವುದರಲ್ಲಿ ಅಕ್ಕನದು ಎತ್ತಿದ ಕೈ.

ಸಮಿತಿಯ ಕಡೆಯಿಂದ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದವರು ನಿವೃತ್ತ ಇತಿಹಾಸದ ಮೇಷ್ಟ್ರು. ಕುರ್ಚಿ ಕೊಟ್ಟರೆ ಸಾಕು, ಪಾಠ ಶುರು.

"ಆ ಮಸೀದಿಯ ಹಿಂದಿನ ಗೋಡೆ ನೋಡಿದ್ದೀರಾ ಅಕ್ಕಾವ್ರೇ? ಅದು ಎಲ್ಲಕ್ಕಿಂತ ಹಳೇದು. ಬಣ್ಣವೇ ಇಲ್ಲ, ಬರೀ ಇಟ್ಟಿಗೆ. ಒಂದನ್ನ ಮುಂದಕ್ಕೆ, ಒಂದನ್ನ ಹಿಂದಕ್ಕೆ, ಒಂದನ್ನ ನಿಲ್ಲಿಸಿ ಇಟ್ಟಿದ್ದಾರೆ. ಬಿಸಿಲು ಬಿದ್ರೆ ನೆರಳೇ ನಕ್ಷೆ ಬರೆಯುತ್ತೆ. ನೂರು ವರ್ಷ ಆದ್ಮೇಲೆ ಬಂದವರು ಆ ಇಟ್ಟಿಗೆ ಮಧ್ಯೆ ಅಲ್ಲೊಂದು ಇಲ್ಲೊಂದು ಹಸಿರು-ನೀಲಿ ಬಿಲ್ಲೆ ಸಿಕ್ಕಿಸಿದ್ರು. ಆಮೇಲೆ ರುಚಿ ಹತ್ತಿತು ನೋಡಿ, ಇಟ್ಟಿಗೆಯೇ ಕಾಣದ ಹಾಗೆ ಗೋಡೆ ತುಂಬಾ, ಗುಮ್ಮಟದ ತುಂಬಾ ಬಿಲ್ಲೆ!"

"ಹೂಂ," ಎಂದಳು ಅಕ್ಕ, ತಲೆ ಎತ್ತದೆ. ಈತ ಇಷ್ಟೊಂದು ಮಾತಾಡುತ್ತಿರುವುದು ನಾನು ಹಾಸುವ ವೇಗ ಅಳೆಯಲಿಕ್ಕೇ ಇರಬೇಕು ಎಂದುಕೊಂಡಳು.

"ಬಳ್ಳಿ-ಎಲೆ ಕೆತ್ತೋದನ್ನ ಮಸೀದಿ ಕಟ್ಟೋರು ಕಲಿತಿದ್ದು ತಮಗಿಂತ ಮುಂಚೆ ಇದ್ದ ಕ್ರೈಸ್ತರ ಅರಮನೆ, ಇಗರ್ಜಿ ನೋಡಿ. ಮೊದಮೊದಲು ದ್ರಾಕ್ಷಿ ದ್ರಾಕ್ಷಿ ಥರಾನೇ ಇತ್ತು. ಪ್ರಾರ್ಥನೆ ಮಾಡೋ ಜಾಗದಲ್ಲಿ ಹಕ್ಕಿ, ಮನುಷ್ಯ ಯಾವ್ದೂ ಬೇಡ ಅಂತ ಬಿಟ್ರು. ಬಳ್ಳಿ ಉಳೀತು. ಎಲೆಯಿಂದ ಎಲೆ, ಅದರಿಂದ ಇನ್ನೊಂದು ಎಲೆ ಹೊರಡ್ತಾ ಹೊರಡ್ತಾ ಕೊನೆಗೆ ಅದು ಯಾವ ಗಿಡ ಅಂತ ತೋಟದವನಿಗೂ ಹೇಳಕ್ಕಾಗಲ್ಲ. ಚಿತ್ರದ ಜಾಗಕ್ಕೆ ಅಕ್ಷರ ಬಂತು. ಇನ್ನು ನಿಮ್ಮ ನಕ್ಷತ್ರ! ಒಂದು ಕೈವಾರ, ಒಂದು ದಾರ. ವೃತ್ತ ಎಳೆದು ಆರು ಭಾಗ ಮಾಡು, ಎಂಟು ಮಾಡು, ಹತ್ತು ಮಾಡು, ಗೆರೆ ಎಳೀತಾ ಹೋಗು. ಗೆರೆ ಒಂದರ ಮೇಲೆ ಹಾದು ಇನ್ನೊಂದರ ಕೆಳಗೆ ತೂರುತ್ತೆ, ಎಲ್ಲೂ ನಿಲ್ಲಲ್ಲ. ಗೋಡೆ ಮುಗಿಯುತ್ತೆ, ನಕ್ಷೆ ಮುಗಿಯಲ್ಲ."

"ಇದನ್ನೆಲ್ಲ ಆಚೆಮನೆಯಲ್ಲೂ ಹೇಳ್ತೀರೋ?" ಎಂದು ಅಕ್ಕ ಕೇಳಿದಳು.

"ಹೇಳ್ತೀನಲ್ಲ!" ಎಂದರು ಮೇಷ್ಟ್ರು, ಪಾಪ, ಖುಷಿಯಿಂದ.

ಅಲ್ಲಿಗೆ ಮೇಷ್ಟ್ರೂ ಅಕ್ಕನ ಪಟ್ಟಿಗೆ ಸೇರಿದರು.

ಈ ಫಲಕದ ನಕ್ಷೆ ಹತ್ತು ಮೂಲೆಯ ನಕ್ಷತ್ರದ್ದು. ನಡುವೆ ನಕ್ಷತ್ರ, ಅದರ ಸುತ್ತ ಬಿಳಿಯ ಪಟ್ಟಿಗಳ ಹೆಣಿಗೆ, ಆ ಹೆಣಿಗೆಯ ಸಂದುಗಳಲ್ಲಿ ಗಾಳಿಪಟದ ಆಕಾರದ ಚೂರುಗಳು. ಒಳಸುತ್ತಿನ ಗಾಳಿಪಟಗಳು ಕಡುನೀಲಿ, ಹೊರಸುತ್ತಿನವು ಕಪ್ಪು. ಆಕಾರ ಒಂದೇ, ಬಣ್ಣ ಬೇರೆ. ಎರಡಕ್ಕೂ ಬೇರೆ ಬೇರೆ ಮರದ ತಟ್ಟೆ. ಬೆಳಿಗ್ಗೆ ತಟ್ಟೆ ತುಂಬಿಸಿಡುವುದು ತಮ್ಮನ ಹೆಂಡತಿಯ ಕೆಲಸ. ಸಂಜೆ ಹರಡಿ ಬಿದ್ದಿರುವುದನ್ನು ಆರಿಸಿ ವಾಪಸು ಹಾಕುವುದು ಅಕ್ಕನ ಕೆಲಸ.

ಈ ಸಲದ ನೀಲಿಯ ಬಗ್ಗೆ ಅಕ್ಕ ಮೊದಲಿನಿಂದಲೂ ಮುಖ ಊದಿಸಿಕೊಂಡಿದ್ದಳು. "ಇದೂ ಒಂದು ನೀಲೀನಾ? ಸತ್ತ ಬಣ್ಣ. ಅಪ್ಪನ ಕಾಲದ ನೀಲಿ ಕಣ್ಣು ಕುಕ್ಕೋದು."

"ಅದೇ ಪುಡಿ, ಅದೇ ಅಳತೆ ಅತ್ತಿಗೆ," ಎಂದಿದ್ದಳು ತಮ್ಮನ ಹೆಂಡತಿ. "ಪ್ರತಿ ಬಣ್ಣಕ್ಕೂ ಬೇರೆ ಬೇರೆ ಶಾಖ ಕೊಟ್ಟು, ಬೇರೆ ಬೇರೆಯಾಗೇ ಸುಟ್ಟಿದ್ದೀನಿ."

ಹಾಗಾದರೆ ಒಳ್ಳೆಯ ಪುಡಿ ಎಲ್ಲಿಗೆ ಹೋಯಿತು ಎಂದು ಅಕ್ಕ ಬೀದಿಯಾಚೆ ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡ ಅನುಮಾನ ಅವಳಲ್ಲಿ ಇನ್ನೂ ಚೆನ್ನಾಗಿ ಬೆಳೆಯುತ್ತಿತ್ತು.

ಮೂರನೇ ವಾರ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಮಣೆಯ ಮೇಲೆ ಕೂತ ಅಕ್ಕನ ಬೆರಳು ಒಂದು ಚೂರಿನ ಮೇಲೆ ನಿಂತಿತು. ನಾಲ್ಕನೇ ನಕ್ಷತ್ರದ ಒಳಸುತ್ತಿನಲ್ಲಿ ಬೆಳಿಗ್ಗೆ ಅವಳು ಅಲ್ಲಿಟ್ಟಿದ್ದ ಚೂರಿನ ಬೆನ್ನಿನ ಮೂಲೆ ಮುಕ್ಕಾಗಿತ್ತು. ತಮ್ಮನ ಸುತ್ತಿಗೆ ಜಾರಿದ್ದರ ಗುರುತು ಅದು. ಈಗ ಅಲ್ಲಿದ್ದ ಚೂರಿನ ಬೆನ್ನು ನುಣ್ಣಗಿತ್ತು. ಅಕ್ಕನ ನೆನಪು ಅಂಥದ್ದು. ಸಾವಿರ ಚೂರು ಹಾಸಿದರೂ ಯಾವುದರ ಬೆನ್ನು ಹೇಗಿತ್ತು ಎಂದು ಬೆರಳು ಮರೆಯುತ್ತಿರಲಿಲ್ಲ. ಯಾರೋ ಒಂದು ಚೂರನ್ನು ತೆಗೆದು ಇನ್ನೊಂದನ್ನು ಇಟ್ಟಿದ್ದರು.

ಅವಳು ಆ ಚೂರನ್ನು ಎತ್ತಿ ಮುಖ ನೋಡಿದಳು. ಒಳಸುತ್ತಿಗೆ ಇರಬೇಕಾದದ್ದು ನೀಲಿ, ಅದು ನೀಲಿಯೇ ಎನಿಸಿತು. ಉಗುರಿನಿಂದ ಬಡಿದು ಕಿವಿಗೆ ಹಿಡಿದಳು. ಸದ್ದು ಸರಿಯಾಗಿತ್ತು. ಎಲ್ಲವೂ ಸರಿಯಾಗಿದ್ದದ್ದೇ ಅವಳ ಅನುಮಾನವನ್ನು ಹೆಚ್ಚಿಸಿತು. ಸುಮ್ಮಸುಮ್ಮನೆ ಯಾರಾದರೂ ಸರಿಯಾದದ್ದನ್ನು ತೆಗೆದು ಸರಿಯಾದದ್ದನ್ನೇ ಇಡುತ್ತಾರೆಯೇ?

ಎರಡು ದಿನ ಯೋಚಿಸಿ ಕಾರಣ ಕಂಡುಹಿಡಿದಳು. ಇದು ಅರೆಬೆಂದ ಚೂರು. ನೋಡಲು ಚೆನ್ನಾಗಿರುತ್ತದೆ, ಗೋಡೆಗೆ ಹೋಗಿ ಒಂದು ಚಳಿಗಾಲ ಕಳೆದರೆ ಮೆರುಗು ಸಿಪ್ಪೆಯಾಗಿ ಏಳುತ್ತದೆ. ಆಗ ಎಡಗೋಡೆಯವರು ಅಯೋಗ್ಯರು, ಬಲಗೋಡೆಯವರು ಯೋಗ್ಯರು. ಚೆನ್ನಾಗಿ ಬೆಂದ ಚೂರು ಬೀದಿ ದಾಟಿ ತವರಿಗೆ. ಹದಿನಾಲ್ಕು ವರ್ಷ ಹೊಂಚು ಹಾಕಿ ಕೂತವಳಿಗೆ ಈಗ ಗಳಿಗೆ ಕೂಡಿಬಂತು! ಇಷ್ಟು ಅಚ್ಚುಕಟ್ಟಾದ ಸಂಚನ್ನು ಕಂಡುಹಿಡಿದದ್ದಕ್ಕೆ ಅಕ್ಕನಿಗೆ ಒಂದು ಥರದ ಸಮಾಧಾನವೇ ಆಯಿತು ಎಂದರೆ ತಪ್ಪಿಲ್ಲ.

ಮರುದಿನ ಅವಳು ಒಳಸುತ್ತಿನ ನಲವತ್ತು ಚೂರುಗಳ ಬೆನ್ನಿಗೆ ಪೆನ್ಸಿಲಿನಿಂದ ಸಣ್ಣ ಗೀಟು ಹಾಕಿದಳು. "ಊಟಕ್ಕೆ ಹೋಗ್ತೀನಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅಡುಗೆಮನೆಗೆ ಹೋದಳು. ತಟ್ಟೆಗೆ ಬಡಿಸಿಕೊಂಡಳು, ಮುಟ್ಟಲಿಲ್ಲ. ಹಿತ್ತಲ ಬಾಗಿಲಿಂದ ಆಚೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಭಟ್ಟಿಯ ಪಕ್ಕದ ಕಿಂಡಿಯಿಂದ ಒಳಗೆ ಇಣುಕಿದಳು. ತನ್ನ ಮನೆಗೆ ತಾನೇ ಕಳ್ಳಹೆಜ್ಜೆ ಇಟ್ಟು ಬರುವ ಗತಿ ಬಂತಲ್ಲ ಎಂದು ಅವಳಿಗೆ ಅಳುವೂ ಬಂತು.

ತಮ್ಮನ ಹೆಂಡತಿ ಬರಿಗಾಲಲ್ಲಿ ಫಲಕದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಚೂರನ್ನು ಮೆಲ್ಲಗೆ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಲಂಗಿಯ ಜೇಬಿಗೆ ಹಾಕಿಕೊಂಡು, ಇನ್ನೊಂದನ್ನು ಆ ಜಾಗಕ್ಕೆ ಇಟ್ಟಳು.

"ಏನಮ್ಮಾ ಅದು?"

ಅವಳು ಬೆಚ್ಚಿಬಿದ್ದು ಎದ್ದಳು. "ಧೂಳು... ಧೂಳು ಒರೆಸ್ತಿದ್ದೆ ಅತ್ತಿಗೆ."

"ಜೇಬಿಗೆ ಧೂಳು ತುಂಬ್ಕೋತಿದ್ಯೇನು? ತೆಗಿ ಆಚೆ."

ಮೂರು ಚೂರು. ಮೂರರ ಬೆನ್ನಿನಲ್ಲೂ ಅಕ್ಕನ ಪೆನ್ಸಿಲ್ ಗೀಟು. ಗದ್ದಲ ಕೇಳಿ ತಮ್ಮ ಸುತ್ತಿಗೆ ಹಿಡಿದುಕೊಂಡೇ ಓಡಿಬಂದ. ಹೆಂಡತಿ ಅವನ ಮುಖ ನೋಡಿದಳು. ಅವನು ನೆಲ ನೋಡಿದ. ಆ ನೋಟ ಅಕ್ಕನಿಗೆ ಬೇಕಾದಷ್ಟಾಯಿತು. ಇವನಿಗೂ ಗೊತ್ತು, ಇವನೂ ಒಳಗಿದ್ದಾನೆ.

"ಅಕ್ಕ, ಸ್ವಲ್ಪ ಕೇಳು. ನಿನ್ನ ಕಣ್ಣು..."

"ಹೇಳ್ಬೇಡಿ," ಎಂದಳು ಹೆಂಡತಿ, ಮೆಲ್ಲಗೆ. ಆದರೆ ಅಕ್ಕನ ಕಿವಿ ಚುರುಕು.

"ಏನು ಹೇಳ್ಬಾರದು? ನನ್ನ ಕಣ್ಣಿಗೆ ಮಣ್ಣೆರಚೋದನ್ನ ಇಬ್ಬರೂ ಕೂತು ಮಾತಾಡ್ಕೊಂಡಿದ್ದೀರಾ? ಅಪ್ಪ ಕಟ್ಟಿದ ಮನೇನ ಬೀದಿ ದಾಟಿಸಕ್ಕೆ ಹೊರಟಿದ್ದೀರಾ?" ಅಕ್ಕ ಬಾಗಿಲ ಕಡೆ ಕೈ ತೋರಿಸಿದಳು. "ಫಲಕ ತಿರುಗೋವರೆಗೂ ಅವಳು ಈ ಕೋಣೆಗೆ ಕಾಲಿಡಬಾರದು. ತವರಲ್ಲೇ ಇರ್ಲಿ, ಹೇಗೂ ಅವಳ ಮನಸ್ಸು ಅಲ್ಲೇ ಇದೆ. ಇಲ್ಲಾ ಅಂದ್ರೆ ಮಣೆ ಎತ್ತಿ ಬೀದಿಗೆಸೆದು ನಾನೇ ಹೋಗ್ತೀನಿ."

ತಮ್ಮ ಜೀವಮಾನವೆಲ್ಲ ಅಕ್ಕನ ಮಾತಿಗೆ ಹೂಂ ಎಂದು ಬೆಳೆದವನು, ಆವತ್ತೂ ಹೂಂ ಎಂದ. ಅವನ ಹೆಂಡತಿ ಎರಡು ಬಟ್ಟೆ ಚೀಲಕ್ಕೆ ತುಂಬಿಕೊಂಡು ಬೀದಿ ದಾಟಿದಳು. ಒಂದು ಸಲ ಮಾತ್ರ ತಿರುಗಿ ನೋಡಿದಳು. ಅಕ್ಕ ಅದನ್ನೂ ಲೆಕ್ಕಕ್ಕೆ ಬರೆದುಕೊಂಡಳು.

ಅಲ್ಲಿಂದ ಹನ್ನೊಂದು ದಿನ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೆಲಸ ಕಾದಳು. ಕೋಣೆಗೆ ಹೊಸ ಬೀಗ, ಬೀಗದ ಕೈ ಅವಳ ಕೊರಳಲ್ಲಿ. ತಮ್ಮ ಕತ್ತರಿಸಿದ ಚೂರುಗಳನ್ನು ಬುಟ್ಟಿಯಲ್ಲಿ ಬಾಗಿಲವರೆಗೆ ತಂದಿಡಬೇಕು, ಒಳಗೆ ಬರುವ ಹಾಗಿಲ್ಲ. ತಟ್ಟೆಗಳನ್ನೂ ತಾನೇ ತುಂಬಿಸಿದಳು. ಇನ್ನೊಬ್ಬರ ಕೈ ಸೋಕದೆ, ತಟ್ಟೆ ತುಂಬುವುದರಿಂದ ಹಾಸುವವರೆಗೆ ತಾನೊಬ್ಬಳೇ ಮುಗಿಸುತ್ತಿರುವ ಮೊದಲ ಫಲಕ ಎಂಬ ಹುರುಪು ಅವಳಲ್ಲಿತ್ತು. ಸೊಂಟ ಹಿಡಿಯಿತು, ಮಂಡಿ ಊದಿತು, ಅಪ್ಪನೇ ಹಿಂದೆ ನಿಂತು ನೋಡುತ್ತಿದ್ದಾನೆ ಎನ್ನಿಸಿ ಮತ್ತೆ ಬಾಗಿದಳು.

ಗಾರೆ ಸುರಿಯುವ ಹಿಂದಿನ ದಿನ ತಮ್ಮ ಬಾಗಿಲಲ್ಲಿ ನಿಂತ. "ಅಕ್ಕ, ಗಾರೆ ಹಾಕೋ ಮುಂಚೆ ಒಂದ್ಸಲ ಅವಳು ನೋಡ್ಲಿ. ಬೇಡಾ ಅಂದ್ರೆ ನಾನಾದ್ರೂ ನೋಡ್ತೀನಿ."

"ಯಾಕೆ? ಮೂವತ್ತು ವರ್ಷ ಯಾರು ನೋಡಿದ್ರು?"

"ನಿನ್ನ ಕಾಲು ಹಿಡ್ಕೋತೀನಿ, ಅಕ್ಕ."

ಕಾಲು ಹಿಡಿಯುವಷ್ಟು ಬೇಕಾಗಿದೆ ಎಂದರೆ ಒಳಗೆ ಏನೋ ದೊಡ್ಡದೇ ಇದೆ ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ಬೆಳಗಾದ ಕೂಡಲೇ ಗಾರೆ ಸುರಿಸಿಬಿಟ್ಟಳು.

ಫಲಕ ತಿರುಗಿಸುವ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಹಗ್ಗದವರು ಆರು ಜನ ಬಂದರು, ಬಂದರಿನಲ್ಲಿ ಮೂಟೆ ಇಳಿಸುವ ಆಳುಗಳು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿದ್ದರಿಂದ ಕೋಣೆಯ ತುಂಬ ಬಿಸಿಲು. ಫಲಕ ನರಳುತ್ತಾ ಮೇಲೆದ್ದು, ಒಂದು ಕ್ಷಣ ನಿಗುರಿ ನಿಂತು, ಮೆಲ್ಲಗೆ ಬೆನ್ನ ಮೇಲೆ ಮಲಗಿತು. ತಮ್ಮ ಒದ್ದೆ ಬಟ್ಟೆಯಿಂದ ಒರೆಸಿದ. ಒರೆಸುತ್ತಾ ಒರೆಸುತ್ತಾ ಅವನ ಕೈ ನಿಧಾನವಾಯಿತು.

ಅಕ್ಕ ನೋಡಿದಳು. ಒಂದು ಸಂದು ಆಚೀಚೆಯಾಗಿಲ್ಲ. ಬಿಳಿಯ ಪಟ್ಟಿ ಒಂದರ ಮೇಲೆ ಹಾದು ಒಂದರ ಕೆಳಗೆ ತೂರಿ ಎಲ್ಲೂ ತಪ್ಪದೆ ಓಡಿತ್ತು. ಹತ್ತು ಮೂಲೆಯ ಒಂಬತ್ತು ನಕ್ಷತ್ರಗಳು ಸ್ವಚ್ಛವಾಗಿ ಅರಳಿದ್ದವು. ನೀಲಿ ಸ್ವಲ್ಪ ಮಂಕು, ಅದು ಸುಟ್ಟವಳ ತಪ್ಪು. ಮಿಕ್ಕಂತೆ ಇದಕ್ಕಿಂತ ಚೆನ್ನಾದದ್ದನ್ನು ಅಪ್ಪನೂ ಹಾಸಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಹೊಗಳಿಕೆ ಕೇಳಿಸಿಕೊಳ್ಳಲು ಮುಖವನ್ನು ಸಿದ್ಧ ಮಾಡಿಕೊಂಡು ನಿಂತಳು.

ಹಗ್ಗದವರಲ್ಲೊಬ್ಬ ಕೆಮ್ಮಿದ.

"ಏನು, ಎಲ್ಲರ ನಾಲಿಗೆ ಬಿದ್ದುಹೋಯ್ತಾ?" ಎಂದಳು ಅಕ್ಕ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಕ್ಕಾವ್ರೇ, ತಪ್ಪು ತಿಳೀಬೇಡಿ. ಪೂರ್ಣ ಅನ್ನೋದು ದೇವರೊಬ್ಬನೇ ಅಂತ, ಕುಶಲಕರ್ಮಿಗಳು ಬೇಕಂತಲೇ ಒಂದು ಚೂರು ತಪ್ಪು ಬಿಡ್ತಾರೆ ಅಂತ ಜನ ಹೇಳ್ತಾರಲ್ಲ. ಅದು ಕಟ್ಟುಕತೆ ಅಂತಲೇ ನಾನು ತಿಳ್ಕೊಂಡಿದ್ದೆ. ಇದು... ಹಾಗೆ ಬಿಟ್ಟಿದ್ದಾ?"

"ಯಾವುದು?"

"ಈ ನೀಲಿ ಸುತ್ತಿನಲ್ಲಿ ಕಪ್ಪು. ಆ ಕಪ್ಪು ಸುತ್ತಿನಲ್ಲಿ ನೀಲಿ. ಒಂದಾದ್ರೆ ಸರಿ ಅನ್ನಬಹುದಿತ್ತು."

ತಮ್ಮ ಮಂಡಿಯೂರಿ ಎಣಿಸುತ್ತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. "ಐವತ್ಮೂರು," ಎಂದ.

ಅಕ್ಕನಿಗೆ ಥಟ್ಟನೆ ಎಲ್ಲ ತಿಳಿದುಹೋಯಿತು. ಸಂಚು! ಮೇಷ್ಟ್ರು ಆಚೆಮನೆಯಲ್ಲಿ ಚಹಾ ಕುಡಿದು ಬಂದವನು, ತಮ್ಮನೋ ಹೆಂಡತಿಯ ಗುಲಾಮ. ಇಬ್ಬರೂ ಸೇರಿ ತನಗೆ ಹುಚ್ಚು ಹಿಡಿದಿದೆ ಎಂದು ಸಾಬೀತು ಮಾಡಿ ಮಣೆ ಕಿತ್ತುಕೊಳ್ಳಲು ನಾಟಕ ಕಟ್ಟಿದ್ದಾರೆ. ಅವಳು ಬಾಗಿ, ತಮ್ಮ ಬೆರಳಿಟ್ಟ ಚೂರನ್ನೂ ಅದರ ಪಕ್ಕದ್ದನ್ನೂ ನೋಡಿದಳು. ಎರಡೂ ಒಂದೇ.

"ಏಯ್, ನೀನು ಬಾರಪ್ಪಾ ಇಲ್ಲಿ," ಎಂದು ಕೆಮ್ಮಿದ ಹಗ್ಗದವನನ್ನು ಕರೆದಳು. ಅವನು ಬಂದರಿನವನು, ಯಾರ ಕಡೆಯವನೂ ಅಲ್ಲ. "ಇದು ಯಾವ ಬಣ್ಣ? ಇದು ಯಾವ ಬಣ್ಣ?"

ಅವನು ಒಡೆಯರ ಜಗಳದಲ್ಲಿ ಸಿಕ್ಕಿಹಾಕಿಕೊಂಡವನ ಹಾಗೆ ಆಚೀಚೆ ನೋಡಿದ. "ಇದು ಕಪ್ಪು, ಅಮ್ಮ. ಅದು ನೀಲಿ. ನಿಮ್ಮ ಕೆಲಸ ನಂಗೊತ್ತಿಲ್ಲ, ಬಣ್ಣ ಗೊತ್ತು."

ಅಕ್ಕ ಬೀರುವಿನಿಂದ ಆವತ್ತು ಕಿತ್ತುಕೊಂಡಿದ್ದ ಮೂರು ಚೂರುಗಳನ್ನು ತಂದು ಅವನ ಅಂಗೈಗೆ ಸುರಿದಳು. ಒಳಸುತ್ತಿಗೆ ನೀಲಿ ಎಂದೇ ತಾನು ಇಟ್ಟಿದ್ದ ಚೂರುಗಳು ಅವು, ಆಚೆಮನೆಯವಳು ಕದ್ದವು.

"ಮೂರೂ ಕಪ್ಪೇ," ಎಂದ ಅವನು.

ಇವನ ಮೇಲೂ ಅನುಮಾನ ಪಡಲು ಅಕ್ಕ ಪ್ರಯತ್ನಪಟ್ಟಳು. ಮನಸ್ಸು ಎಳೆದಾಡಿತು, ದಾರಿ ಸಿಗಲಿಲ್ಲ. ಆ ಮೂರು ಚೂರುಗಳನ್ನೂ ನೀಲಿ ತಟ್ಟೆಯಿಂದ ಹಿಡಿಯಷ್ಟನ್ನೂ ತೆಗೆದುಕೊಂಡು ಅಂಗಳಕ್ಕೆ ಹೋಗಿ ಬಿಸಿಲಲ್ಲಿ ನಿಂತಳು. ಒಂದು ಕೈಯಲ್ಲಿ ಇದು, ಇನ್ನೊಂದು ಕೈಯಲ್ಲಿ ಅದು. ಹತ್ತಿರ ಹಿಡಿದಳು, ದೂರ ಹಿಡಿದಳು, ಒಂದು ಕಣ್ಣು ಮುಚ್ಚಿದಳು. ಎರಡೂ ಕೈಯಲ್ಲಿ ಅದೇ ಸತ್ತ ಕಪ್ಪು ಬಣ್ಣ. ಭಯ ಎಂದರೇನು ಎಂದು ಅಕ್ಕನಿಗೆ ಆಗ ಗೊತ್ತಾಯಿತು. ಊರಿನವರೆಲ್ಲ ಮೋಸಗಾರರಾಗಿದ್ದರೂ ಅವಳು ಹೆದರುತ್ತಿರಲಿಲ್ಲ. ತನ್ನ ಕಣ್ಣೇ ತನಗೆ ಕೈಕೊಟ್ಟಿತ್ತು, ಅದೂ ಎಷ್ಟು ದಿನದಿಂದಲೋ.

ಮೇಷ್ಟ್ರು ಬಂದು ದೂರದಲ್ಲೇ ನಿಂತರು. "ಸಮಿತಿಯವರು ಬರೋದು ಹದಿನೈದು ದಿನ ಬಿಟ್ಟು, ಅಕ್ಕಾವ್ರೇ. ನಾನು ಇವತ್ತು ಬಂದಿದ್ದೂ ಇಲ್ಲ, ನೋಡಿದ್ದೂ ಇಲ್ಲ. ತಪ್ಪಿರೋದನ್ನ ಒಂದೊಂದಾಗಿ ಕೊರೆದು ತೆಗೆದು ಬದಲಾಯಿಸಬಹುದು ಅಂತ ನಿಮ್ಮ ತಮ್ಮ ಹೇಳ್ತಿದ್ದಾರೆ."

ಅಕ್ಕ ತಲೆವಸ್ತ್ರ ಸರಿಮಾಡಿಕೊಂಡು ಬೀದಿಗಿಳಿದಳು. ಹದಿನಾಲ್ಕು ವರ್ಷದಲ್ಲಿ, ತಮ್ಮನ ಮದುವೆಯ ದಿನವೂ, ಅವಳು ಆಚೆಮನೆಯ ಹೊಸ್ತಿಲು ತುಳಿದಿರಲಿಲ್ಲ. ಬೀದಿ ಅಗಲವಿದ್ದದ್ದು ಇಪ್ಪತ್ತು ಹೆಜ್ಜೆ. ಬಾಗಿಲು ಬಡಿದಳು. ತೆರೆದವಳು ತಮ್ಮನ ಹೆಂಡತಿಯೇ.

ಅಕ್ಕನಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. "ಐವತ್ಮೂರು," ಎಂದಳು.

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ನಾನು ಅಂದ್ಕೊಂಡಿದ್ದಕ್ಕಿಂತ ಕಮ್ಮಿ, ಅತ್ತಿಗೆ."

"ಯಾವಾಗಿಂದ?"

"ಹೋದ ವರ್ಷದ ಕಾರಂಜಿ ಕಟ್ಟೆ ಕೆಲಸದಿಂದ. ಮೊದಲು ತಟ್ಟೆಯಲ್ಲಿ ಒಂದೊಂದು ಬೆರಕೆ ಆಗಿರ್ತಿತ್ತು, ಆರಿಸಿಡ್ತಿದ್ದೆ. ಆಮೇಲೆ ಫಲಕದಲ್ಲೂ ಶುರುವಾಯ್ತು."

"ಒಂದು ವರ್ಷ! ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ಅಕ್ಕ ತಲೆವಸ್ತ್ರದ ಅಂಚನ್ನು ಎಳೆದುಕೊಂಡಳು.

"ಮಣೆ ಕಿತ್ಕೊಳ್ಳೋಕೆ ಬಂದಳು ಅಂತಿದ್ರಿ."

"ಅಂತಿದ್ದೆ," ಎಂದಳು ಅಕ್ಕ. "ಈಗ ಬಾಗಿಲು ಬಡಿಯೋವಾಗ್ಲೂ ಒಂದು ಸಲ ಅನ್ನಿಸ್ತು."

ತಮ್ಮನ ಹೆಂಡತಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಕಣ್ಣಿಗೆ ಪೊರೆ ಬಂದಿದೆ ಅತ್ತಿಗೆ, ಅದಕ್ಕೇ ನೀಲಿ ಕಪ್ಪಾಗಿ ಕಾಣುತ್ತೆ, ಅಷ್ಟೇ. ನಮ್ಮಮ್ಮಂಗೂ ಬಂದಿತ್ತು, ತೆಗೆಸಿದ್ವಿ. ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಆ ಡಾಕ್ಟ್ರು ಯಾರ ಕಡೆಯವನು?"

"ಕಣ್ಣಿನ ಕಡೆಯವನು. ನಡೀರಿ, ಹದಿನೈದು ದಿನದಲ್ಲಿ ಐವತ್ಮೂರು ತೆಗೀಬೇಕು."

ಚೀಲವನ್ನೂ ತೆಗೆದುಕೊಳ್ಳದೆ ಅವಳು ಅಕ್ಕನ ಜೊತೆ ಬೀದಿ ದಾಟಿದಳು. ತಮ್ಮ ಆಗಲೇ ಉಳಿ ಹಿಡಿದು ಮೊದಲ ತಪ್ಪು ಚೂರನ್ನು ಗಾರೆಯಿಂದ ಕೊರೆದು ತೆಗೆದಿದ್ದ. ಫಲಕದ ನಡುವೆ ಗಾಳಿಪಟದ ಆಕಾರದ ಒಂದು ಸಣ್ಣ ಗುಳಿ ಬಾಯಿ ತೆರೆದಿತ್ತು. ಅಕ್ಕ ಮಣೆಯ ಮೇಲೆ ಕೂತು, ಗುಳಿಗೆ ಹಸಿ ಗಾರೆ ಬಳಿದು, ಕೈ ಚಾಚಿದಳು. ತಮ್ಮನ ಹೆಂಡತಿ ಅವಳ ಅಂಗೈಯಲ್ಲಿ ಒಂದು ಚೂರು ಇಟ್ಟಳು.

"ನೀಲಿ," ಎಂದಳು.

ಮೂವತ್ತು ವರ್ಷದ ಅಭ್ಯಾಸ, ಅಕ್ಕನ ಕೈ ತಾನಾಗಿ ಕಿಟಕಿಯ ಬೆಳಕಿಗೆ ಹೋಯಿತು. ನೋಡಿದಳು. ಎಷ್ಟು ನೋಡಿದರೂ ಅವಳಿಗೆ ಅದು ಕಪ್ಪೇ. ಇವಳು ಸುಳ್ಳು ಹೇಳುತ್ತಿದ್ದರೆ? ಐವತ್ಮೂರರ ಜಾಗದಲ್ಲಿ ನೂರು ತಪ್ಪು ಮಾಡಿಸಿ, ಸಮಿತಿಯೆದುರು ಮಾನ ಕಳೆದರೆ? ತಿಳಿದುಕೊಳ್ಳುವ ದಾರಿಯೇ ಇರಲಿಲ್ಲ. ಎದುರಿಗೆ ಕೂತವಳು ಆಗಲೇ ಮುಂದಿನ ಚೂರಿಗಾಗಿ ತಟ್ಟೆಯಲ್ಲಿ ಕೈಯಾಡಿಸುತ್ತಿದ್ದಳು, ಮೇಲೆ ನೋಡಲೂ ಇಲ್ಲ.

ಅಕ್ಕ ಆ ಕಪ್ಪು ಚೂರನ್ನು ನೀಲಿಯ ಜಾಗದಲ್ಲಿಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.

"ಮುಂದಿನದು ಕೊಡಮ್ಮ," ಎಂದಳು.